ಮಾವ ಬರೆದ ಸಾಲು

2012ರ ಮಾರ್ಚ್ 15, ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಡಾಂಗ್ ಪಟ್ಟಣದ ಪೊಲೀಸ್ ಠಾಣೆಗೆ ಕಾರ್ಕಾರ್ ದ್ವೀಪದ ಹೆಂಗಸೊಬ್ಬಳು ಬಂದಳು. ಹೆಸರು ಸಾಬಿನಾ, ವಯಸ್ಸು ನಲವತ್ತೆಂಟು. ಮೊಣಕಾಲವರೆಗೆ ಸಮುದ್ರದ ನೀರಲ್ಲಿ ನೆನೆದ ಲಂಗ, ಹೆಗಲಲ್ಲಿ ನಾರಿನ ಚೀಲ. ಬೆಂಚಿನ ಮೇಲೆ ಕೂರು ಅಂದರೂ ಕೂರಲಿಲ್ಲ.

ದೂರು ಇಷ್ಟು. ಆಕೆಯ ತಂಗಿ ಡೋರ್ಕಸ್ ಸೋಮವಾರ ಮಧ್ಯಾಹ್ನ ಪಟ್ಟಣದ ಸಂತೆ ಮುಗಿಸಿ ದ್ವೀಪಕ್ಕೆ ಹೊರಟ ದೋಣಿ ಹತ್ತಿದ್ದಳು. ದೋಣಿಯ ಹೆಸರು ಸಿಲಾಬ್. ನಡೆಸುವವನು ಗಿಡಿಯೋನ್. ಅವರಿಬ್ಬರನ್ನು ಬಿಟ್ಟರೆ ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ದೋಣಿ ಇಂದಿಗೂ ದಡ ಸೇರಿಲ್ಲ.

ಇನ್ಸ್‌ಪೆಕ್ಟರ್ ಜೋಸೆಫ್ ಕೌಪಾ ಕಡತದಿಂದ ತಲೆ ಎತ್ತಿದ. ಆತ ಸಿಂಬು ಬೆಟ್ಟದವನು. ಕರಾವಳಿಗೆ ವರ್ಗವಾಗಿ ಬಂದು ಆರು ವರ್ಷವಾದರೂ ಸಮುದ್ರವನ್ನು ನಂಬಿದವನಲ್ಲ.

"ಮೂರು ದಿನ ಏನ್ ಮಾಡ್ತಿದ್ದೆ ತಾಯಿ?"

"ದಡದಲ್ಲಿ ಕೂತಿದ್ದೆ. ನಮ್ಮ ಕಡೆ ಫೋನ್ ಟವರ್ ಬಿದ್ದುಹೋಗಿದೆ. ಗಾಳಿ ಜೋರು ಅಂತ ನಿನ್ನೆವರೆಗೂ ಒಂದು ದೋಣೀನೂ ಹೊರಡಲಿಲ್ಲ. ಇವತ್ತು ಬೆಳಗಿನ ಮೊದಲನೇದಕ್ಕೆ ಬಂದೆ."

"ಬೇರೆ ಊರಲ್ಲಿ ಇಳಿದಿರಬಹುದಲ್ಲ?"

"ಟಾರೋ ಗೆಡ್ಡೆ ಸುಟ್ಟಿಟ್ಟು ಕಾಯ್ತಿರ್ತೀನಿ ಅಂತ ಹೇಳಿ ಕಳಿಸಿದ್ದೆ. ಅವಳು ನಂಗೆ ಹೇಳದೆ ಎಲ್ಲಿ ಇಳೀತಾಳೆ?"

9.35ಕ್ಕೆ ಎಫ್‌ಐಆರ್ ಆಯಿತು. 9.50ಕ್ಕೆ ಕೌಪಾ ಬಂದರಿನ ದೋಣಿ ಮಾಲೀಕರ ಸಂಘದ ರೇಡಿಯೋ ಕೊಠಡಿಗೆ ಫೋನ್ ಮಾಡಿದ. ಹೊರಡುವ, ಸೇರುವ ಎಲ್ಲ ದೋಣಿಗಳ ಲೆಕ್ಕ ಇರುವುದು ಅಲ್ಲೇ. ಅತ್ತಲಿಂದ ಬಂದ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡ. ದಾಖಲೆಯ ಪ್ರಕಾರ ಸಿಲಾಬ್ ದೋಣಿ ಸೋಮವಾರ ಸಂಜೆ 4.40ಕ್ಕೆ ಕಾರ್ಕಾರ್ ತಲುಪಿತ್ತು. ಇಬ್ಬರು ಕ್ಷೇಮ.

ಸಾಬಿನಾಳಿಗೆ ಅದನ್ನು ಹೇಳಿದಾಗ ಆಕೆ ಅಳಲಿಲ್ಲ, ಕೂಗಾಡಲಿಲ್ಲ. "ಸೋಮವಾರ ಮಧ್ಯಾಹ್ನದಿಂದ ಕತ್ತಲಾಗೋವರೆಗೆ ನಾನು ದಡ ಬಿಟ್ಟು ಕದಲಿಲ್ಲ ಸಾರ್. ತಲುಪಿದ್ದು ಯಾರು ಹಾಗಾದ್ರೆ?" ಎಂದು ಮಾತ್ರ ಕೇಳಿದಳು.

ರೇಡಿಯೋ ಕೊಠಡಿ ಬಂದರಿನ ಕೊನೆಯಲ್ಲಿ, ತಗಡಿನ ಮಾಡಿನ ಒಂದೇ ಕೋಣೆ. 10.20ಕ್ಕೆ ಕೌಪಾ ಅಲ್ಲಿಗೆ ಹೋದಾಗ ಜೊತೆಯಲ್ಲಿ ಕಾನ್‌ಸ್ಟೇಬಲ್ ವೆರೋನಿಕಾ ಇದ್ದಳು. ಅವಳು ಕಾರ್ಕಾರ್‌ನಲ್ಲೇ ಹುಟ್ಟಿದವಳು. ಒಳಗೆ ಕೆಲಸಕ್ಕಿದ್ದವರು ಇಬ್ಬರೇ. ಒಬ್ಬ ಕೆಲೆಪ್, ಮೂವತ್ತೆರಡು ವರ್ಷ, ಒಂದು ಕೆನ್ನೆ ಇನ್ನೂ ಊದಿಕೊಂಡಿತ್ತು. ಇನ್ನೊಬ್ಬಳು ಜೆನಿಟಾ, ಮೂವತ್ತೈದು. ನಾಪತ್ತೆಯಾದ ಗಿಡಿಯೋನನ ಹೆಂಡತಿ.

ಜೆನಿಟಾಳಿಗೆ ಸುದ್ದಿ ಮುಟ್ಟಿ ಅರ್ಧ ಗಂಟೆಯಾಗಿತ್ತು. ಗಂಡ ಒಂದು ವಾರ ದ್ವೀಪದಲ್ಲೇ ಇದ್ದು ಬರುವವನು, ಹಾಗಾಗಿ ಅವಳು ಕಾದಿರಲಿಲ್ಲ. ಈಗ ಕುರ್ಚಿಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. "ಹುಡುಕೋಕೆ ಕಳಿಸಿ ಸಾರ್, ಬೇಗ ಕಳಿಸಿ" ಎಂದು ಅದನ್ನೇ ಹೇಳುತ್ತಿದ್ದಳು.

ಕಳಿಸುವುದೆಲ್ಲಿಗೆ ಎಂಬುದೇ ತೊಡಕಾಗಿತ್ತು. ಸಂಘದ ಬಳಿ ಇದ್ದದ್ದು ಎರಡು ದೋಣಿ, ಒಂದು ದಿಕ್ಕಿಗೆ ಹೋಗಿಬರುವಷ್ಟು ಪೆಟ್ರೋಲ್. ಪಟ್ಟಣದ ಬಂಕ್‌ಗೆ ಟ್ಯಾಂಕರ್ ಬರುವುದು ಶನಿವಾರ. ಸಿಲಾಬ್ ನಿಜಕ್ಕೂ ಕಾರ್ಕಾರ್ ತಲುಪಿ ಆಮೇಲೆ ಕಳೆದುಹೋಗಿದ್ದರೆ ಉತ್ತರಕ್ಕೆ, ದ್ವೀಪದ ಆಚೆಯ ಬಂಡೆಸಾಲಿನಲ್ಲಿ ಹುಡುಕಬೇಕು. ತಲುಪಿಯೇ ಇಲ್ಲದಿದ್ದರೆ ವಾಯವ್ಯದ ಗಾಳಿ ಅದನ್ನು ಮೂರು ದಿನದಿಂದ ಆಗ್ನೇಯಕ್ಕೆ, ರಾಯ್ ಕರಾವಳಿಯ ಕಡೆ ತಳ್ಳಿಕೊಂಡು ಹೋಗುತ್ತಿರುತ್ತದೆ. ತಪ್ಪು ದಿಕ್ಕು ಹಿಡಿದರೆ ಎರಡು ಜೀವ ಹೋದ ಹಾಗೆಯೇ.

"ಸೋಮವಾರ ಸಂಜೆ ಇಲ್ಲಿ ಯಾರಿದ್ರು?"

"ನಾನು," ಎಂದಳು ಜೆನಿಟಾ.

"ನೀನೊಬ್ಬಳೇನಾ?"

"ಒಬ್ಬಳೇ."

"ನಾನು ಎರಡು ಗಂಟೆಗೆ ಆಸ್ಪತ್ರೆಗೆ ಹೋದೆ ಸಾರ್," ಎಂದ ಕೆಲೆಪ್. "ಹಲ್ಲು. ನಾಲ್ಕಕ್ಕೆ ವಾಪಸ್ ಬರ್ತೀನಿ ಅಂತ ಹೇಳಿದ್ದೆ. ಅಲ್ಲಿ ಜನವೋ ಜನ. ಬರಕ್ಕಾಗ್ಲಿಲ್ಲ."

"ಈ 'ತಲುಪಿತು' ಅನ್ನೋದನ್ನ ನೀನು ಬರೆದೆಯಾ?" ಕೌಪಾ ಜೆನಿಟಾಳನ್ನು ಕೇಳಿದ.

"ಇಲ್ಲ ಸಾರ್. ನಾನು ಬರೀಲಿಲ್ಲ."

ಇಪ್ಪತ್ತೊಂದು ವರ್ಷ ಸುಳ್ಳು ಕೇಳಿಸಿಕೊಂಡು ಕಿವಿ ಪಳಗಿದವನು ಕೌಪಾ. ಆ ಮಾತಿನಲ್ಲಿ ಸುಳ್ಳಿನ ಸದ್ದಿರಲಿಲ್ಲ. ಹಾಗಾಗಿ ನಂಬಿದ, ನಂಬಿ ಸುಮಾರು ನಾಲ್ಕು ಗಂಟೆ ಕಳೆದುಕೊಂಡ.

ಕೆಲೆಪ್ ತನ್ನ ಯಂತ್ರದಲ್ಲಿ ದಾಖಲೆ ತೆಗೆದು ತೋರಿಸಿದ. ಕಪ್ಪು ಪರದೆ, ಬಿಳಿ ಅಕ್ಷರ. ಇಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ, ಎಲ್ಲವನ್ನೂ ಒಂದೊಂದು ಸಾಲಿನ ಆಜ್ಞೆಯಾಗಿ ಟೈಪ್ ಮಾಡಬೇಕು. ತಲುಪಿತು, ದೋಣಿಯ ಹೆಸರು, ಊರು, ತಾರೀಕು, ಗಂಟೆ, ಎಷ್ಟು ಜನ, ಸಮುದ್ರ ಹೇಗಿದೆ, ಕೊನೆಗೆ ಬರೆದವರ ಗುರುತಿನ ಎರಡಕ್ಷರ. ಆ ಸಾಲಿನ ಕೊನೆ ನೋಡುತ್ತಲೇ ಕೆಲೆಪ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

"ಏನಾಯ್ತು?"

"ಇದು ಮುದುಕರ ಗುರುತು ಸಾರ್."

"ಯಾವ ಮುದುಕರು?"

ಕೆಲೆಪ್ ಕಿಟಕಿಯ ಪಕ್ಕದ ಮೇಜಿನ ಕಡೆ ಕಣ್ಣು ಹಾಯಿಸಿದ. ಅಲ್ಲಿ ಇನ್ನೊಂದು ಹಳೆಯ ಯಂತ್ರ, ಅದರ ಮುಂದೆ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಟವೆಲು. "ಗಿಡಿಯೋನನ ಅಪ್ಪ. ಸಿಲಾಬ್. ಇಪ್ಪತ್ತು ವರ್ಷ ಈ ಕೊಠಡಿ ನಡೆಸಿದವರು. ದೋಣೀಗೂ ಅವರದೇ ಹೆಸರು. ನವೆಂಬರ್ ಒಂಬತ್ತಕ್ಕೆ ತೀರಿಹೋದ್ರು. ಆ ಯಂತ್ರ ಯಾರೂ ಮುಟ್ಟಲ್ಲ ಸಾರ್, ಆರಿಸೋದೂ ಇಲ್ಲ. ಈ ಸಾಲು ಬಂದಿರೋದು ಅದರಿಂದ."

ಹೊರಗೆ ನೆಲ ಒರೆಸುತ್ತಿದ್ದ ಹೆಂಗಸು ಬಾಗಿಲಿಗೆ ಬಂದು, ಸೋಮವಾರ ಸಂಜೆ ಮುದುಕರ ಮೇಜಿನಿಂದ ಟಕ್ ಟಕ್ ಸದ್ದು ತಾನೂ ಕೇಳಿದೆನೆಂದೂ, ತಿರುಗಿ ನೋಡದೆ ಬಕೆಟ್ ಅಲ್ಲೇ ಬಿಟ್ಟು ಮನೆಗೆ ಹೋದೆನೆಂದೂ ಹೇಳಿದಳು. ಸತ್ತವರು ತಮ್ಮ ದೋಣಿಯನ್ನು ಕಾಯುತ್ತಾರೆ ಎಂಬುದು ಆ ದ್ವೀಪದವರಿಗೆ ಹೊಸ ಮಾತಲ್ಲ. ವೆರೋನಿಕಾ ಕೂಡ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಟೋಪಿ ಹಾಕ್ಕೋ," ಎಂದ ಕೌಪಾ. "ದೆವ್ವದ ಮೇಲೆ ಎಫ್‌ಐಆರ್ ಹಾಕಕ್ಕೆ ನನ್ನ ಹತ್ರ ಫಾರಂ ಇಲ್ಲ."

ಹಾಗೆ ಅಂದನೇ ಹೊರತು ಆ ಖಾಲಿ ಕುರ್ಚಿಯಲ್ಲಿ ಅವನೂ ಕೂರಲಿಲ್ಲ. ನಿಂತುಕೊಂಡೇ ಪರದೆ ನೋಡಿದ.

ಮೊದಲ ಅನುಮಾನ ಕೆಲೆಪ್‌ನ ಮೇಲೆ ಹೋಯಿತು. ಮುದುಕರ ಗುರುತು ಗೊತ್ತಿದ್ದವನು, ಬರುತ್ತೇನೆಂದು ಹೇಳಿ ಬಾರದವನು. 11.15ಕ್ಕೆ ವೆರೋನಿಕಾ ಆಸ್ಪತ್ರೆಗೆ ಹೋದಳು. 12.30ಕ್ಕೆ ಬಂದು ವರದಿ ಒಪ್ಪಿಸಿದಳು. ಕೆಲೆಪ್‌ನ ಚೀಟಿಗೆ ಸೋಮವಾರ 2.25ಕ್ಕೆ ಮುದ್ರೆ ಬಿದ್ದಿದೆ. ಹಲ್ಲು ಕಿತ್ತದ್ದು 4.50ಕ್ಕೆ. ನರ್ಸಿಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಇವನು ನಾಲ್ಕು ಗಂಟೆಯಿಂದ "ನಂದು ಮುಂಚೆ ಮಾಡಿ, ಕೆಲಸ ಇದೆ" ಎಂದು ಪೀಡಿಸಿ ಬೈಸಿಕೊಂಡಿದ್ದ.

"ಅಷ್ಟೊಂದು ಅವಸರ ಏನಿತ್ತು?" ಕೌಪಾ ಕೇಳಿದ.

"ನಾಲ್ಕಕ್ಕೆ ಹಾಜರಿ ಸಾರ್. ಹೊರಗಿರೋ ಒಂದೊಂದು ದೋಣಿಯನ್ನೂ ರೇಡಿಯೋದಲ್ಲಿ ಹೆಸರು ಹಿಡಿದು ಕರೀಬೇಕು. ಮೂರು ಸಲ ಕರೆದ್ರೂ ಉತ್ತರ ಬರ್ಲಿಲ್ಲ ಅಂದ್ರೆ ಹುಡುಕಕ್ಕೆ ಕಳಿಸ್ತೀವಿ. ದೋಣಿಯವರೂ ಅಷ್ಟೆ, ಬ್ಯಾಟರಿ ಉಳಿಸಕ್ಕೆ ಆ ಹೊತ್ತಿಗೆ ಮಾತ್ರ ರೇಡಿಯೋ ಹಾಕ್ತಾರೆ."

"ಅದನ್ನ ಜೆನಿಟಾ ಮಾಡ್ತಾಳಲ್ಲ?"

"ಮಾಡ್ತಾಳೆ," ಎಂದ ಕೆಲೆಪ್. ಮುಂದೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಕೌಪಾ ಅದನ್ನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಅವನ ತಲೆ ಇನ್ನೂ ಆ ಸಾಲಿನಲ್ಲೇ ಇತ್ತು.

ಸಾಲಿನಲ್ಲಿ ಸಮುದ್ರ ಶಾಂತ ಎಂದಿತ್ತು. ಗೋಡೆಗೆ ತೂಗುಹಾಕಿದ ಹವಾಮಾನದ ಹಾಳೆಯಲ್ಲಿ ಸೋಮವಾರಕ್ಕೆ ವಾಯವ್ಯದ ಜೋರು ಗಾಳಿ, ಎರಡಾಳು ಎತ್ತರದ ಅಲೆ. ಇಪ್ಪತ್ತು ವರ್ಷ ಅದೇ ಕಿಟಕಿಯಿಂದ ಸಮುದ್ರ ನೋಡಿದ ಮುದುಕ ಸತ್ತ ಮೇಲೂ ಅಂಥ ತಪ್ಪು ಬರೆಯಲಾರ. ಆಗ ಕೌಪಾನಿಗೆ ಮೊದಲ ಬಾರಿ ಧೈರ್ಯ ಬಂತು.

"ಕೆಲೆಪ್, ಹಳೇ ಸಾಲುಗಳು ಇದರಲ್ಲಿ ಉಳಿದಿರ್ತವಾ?"

"ಉಳಿದಿರ್ತವೆ. ಮೇಲಿನ ಬಾಣದ ಗುಂಡಿ ಒತ್ತಿ. ಹಿಂದೆ ಬರೆದದ್ದು ಒಂದೊಂದಾಗಿ ವಾಪಸ್ ಬರುತ್ತೆ. ಬೇಕಾದ್ದು ಸಿಕ್ಕಿದ ಕೂಡ್ಲೆ ಒಂದೆರಡು ಕಡೆ ತಿದ್ದಿ ಎಂಟರ್ ಹೊಡೆದ್ರೆ ಆಯ್ತು. ಪೂರ್ತಿ ಹೊಸದಾಗಿ ಬರೆಯೋ ಗೋಜಿಲ್ಲ."

ಕೌಪಾ ಮುದುಕರ ಯಂತ್ರದ ಬಾಣವನ್ನು ಒಂದು ಬೆರಳಲ್ಲಿ ಒತ್ತಿದ. ಮೊದಲು ಬಂದದ್ದು ಸೋಮವಾರದ ಸಾಲು. ಇನ್ನೊಮ್ಮೆ ಒತ್ತಿದ. ಕಳೆದ ನವೆಂಬರ್‌ನ ಒಂದು ಸಾಲು, ಬೇರೆ ದೋಣಿಯದು. ಮತ್ತೆ, ಮತ್ತೆ. ಸತ್ತವನ ಕೊನೆಯ ದಿನಗಳು ಹಿಂದುಮುಂದಾಗಿ ಪರದೆಯ ಮೇಲೆ ಬರುತ್ತಿದ್ದವು. ಮಳೆ ಬರುವ ಹಾಗಿದೆ. ಇಂಜಿನ್ ರಿಪೇರಿ. ಮೊಮ್ಮಗಳಿಗೆ ಜ್ವರ, ಬೇಗ ಹೊರಟೆ. ಬೇರೆಯವರ ಮನೆಯಲ್ಲಿ ಹೇಳದೆ ಕೇಳದೆ ಹೊಕ್ಕ ಹಾಗೆ ಕೌಪಾನಿಗೆ ಸಂಕೋಚವಾಯಿತು. ಹನ್ನೆರಡನೆಯ ಬಾರಿ ಒತ್ತಿದಾಗ ಅದು ಬಂತು. ನವೆಂಬರ್ 4. ಸಿಲಾಬ್ ಕಾರ್ಕಾರ್ ತಲುಪಿತು, 4.40, ಇಬ್ಬರು, ಸಮುದ್ರ ಶಾಂತ. ಸೋಮವಾರದ ಸಾಲಿಗೂ ಇದಕ್ಕೂ ತಾರೀಕೊಂದೇ ವ್ಯತ್ಯಾಸ.

"ನವೆಂಬರ್‌ನಿಂದ ಈಚೆ ಈ ದೋಣಿ ಹೋಗೇ ಇಲ್ವಾ?"

"ಸೂತಕ ಸಾರ್," ಎಂದಳು ವೆರೋನಿಕಾ. "ಸತ್ತವರ ಹೆಸರಿನ ದೋಣೀನ ಔತಣ ಆಗೋವರೆಗೆ ನೀರಿಗೆ ಇಳಿಸಲ್ಲ. ಹೋದ ವಾರ ಔತಣ ಆಯ್ತು. ಸೋಮವಾರದ್ದೇ ಮೊದಲ ಪಯಣ."

ಯಾರೋ ಈ ಕುರ್ಚಿಯ ಬಳಿ ಬಂದು ಹನ್ನೊಂದು ಬಾರಿ ಬಾಣ ಒತ್ತಿ ಹಳೆಯ ಸಾಲನ್ನು ಎಬ್ಬಿಸಿ, ತಾರೀಕು ತಿದ್ದಿ ಕಳಿಸಿದ್ದರು. ಪಕ್ಕದಲ್ಲೇ ಕೆಲಸದ ಯಂತ್ರವಿರುವಾಗ, ನಾಲ್ಕು ಅಕ್ಷರ ಟೈಪ್ ಮಾಡಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಸುತ್ತು ಬಳಸುವುದೇಕೆ ಎಂದು ಅವನಿಗೆ ಹೊಳೆಯಲಿಲ್ಲ.

1.20ಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ನೆಲ ಒರೆಸುವ ಹೆಂಗಸನ್ನೂ ಬಂದರಿನ ಕಾವಲುಗಾರನನ್ನೂ ಕರೆದರು. ಅದು ನಡೆಯುತ್ತಿರುವಾಗ ಕೌಪಾ ಜೆನಿಟಾಳ ಮುಂದೆ ಹಾಳೆಯೊಂದನ್ನಿಟ್ಟು, ಕರಾವಳಿಯ ಎಲ್ಲ ಊರುಗಳಿಗೆ ರೇಡಿಯೋದಲ್ಲಿ ಓದುವ ನಾಪತ್ತೆ ಪ್ರಕಟಣೆ ಬರೆದುಕೊಡಲು ಹೇಳಿದ. ಕೈಗೊಂದು ಕೆಲಸವಿದ್ದರೆ ಅವಳಿಗೂ ಒಳ್ಳೆಯದು ಎಂಬುದೊಂದೇ ಅವನ ಮನಸ್ಸಿನಲ್ಲಿದ್ದದ್ದು.

ಅವಳು ಅಚ್ಚುಕಟ್ಟಾಗಿ ಬರೆದಳು. ದೋಣಿಯ ಬಣ್ಣ, ಉದ್ದ, ಇಂಜಿನ್, ಇಬ್ಬರ ಹೆಸರು, ಗಂಡನ ಅಂಗಿಯ ಬಣ್ಣ. ದೋಣಿಯ ಹೆಸರು ಬರಬೇಕಾದಲ್ಲಿ ಜಾಗ ಬಿಟ್ಟಿದ್ದಳು. ಕೌಪಾ ನೋಡುತ್ತಿದ್ದ ಹಾಗೆಯೇ ವೆರೋನಿಕಾ ಬಗ್ಗಿ ಆ ಜಾಗದಲ್ಲಿ ತನ್ನ ಪೆನ್ನಿನಿಂದ ಸಿಲಾಬ್ ಎಂದು ತುಂಬಿದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಕೌಪಾ ವೆರೋನಿಕಾಳನ್ನು ಹೊರಗೆ ಕರೆದ.

"ಅದೇನದು?"

"ಯಾವುದು ಸಾರ್?"

"ಹೆಸರು ನೀನ್ಯಾಕೆ ಬರೆದೆ?"

"ಅವಳ ಮಾವನ ಹೆಸರು ಸಾರ್ ಅದು. ತಾಂಬು. ಸೊಸೆ ಹೇಳೋ ಹಾಗಿಲ್ಲ, ಬರೆಯೋ ಹಾಗಿಲ್ಲ. ನಿಮ್ಮ ಬೆಟ್ಟದಲ್ಲಿ ಇಲ್ವಾ?"

ಇತ್ತು. ಕೌಪಾನ ತಾಯಿ ತನ್ನ ಮಾವನನ್ನು ಸಾಯುವವರೆಗೂ "ಆ ಮನೆಯ ದೊಡ್ಡವರು" ಎಂದೇ ಕರೆದಿದ್ದಳು. ಅಂಗಡಿಯ ಸಕ್ಕರೆ ಚೀಲದ ಮೇಲೆ ಆ ಹೆಸರಿದ್ದುದರಿಂದ ಬೆರಳು ತೋರಿಸಿ ಸಕ್ಕರೆ ಕೇಳುತ್ತಿದ್ದಳು. ಅದನ್ನೆಲ್ಲ ನೋಡಿ ಬೆಳೆದವನು ಬೆಳಿಗ್ಗೆಯೇ ಯಾಕೆ ಕೇಳಲಿಲ್ಲ ಎಂದು ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

2.10ಕ್ಕೆ ಮರುವಿಚಾರಣೆ. ಕೌಪಾ ಕುರ್ಚಿ ಎಳೆದು ಜೆನಿಟಾಳ ಎದುರು ಕೂತ.

"ತಂಗಿ, ಆ ಸಾಲು ನೀನು ಬರೆದೆಯಾ ಅಂತ ಬೆಳಿಗ್ಗೆ ಕೇಳ್ದೆ."

"ಬರೀಲಿಲ್ಲ ಸಾರ್."

"ಗೊತ್ತು. ಬಾಣದ ಗುಂಡಿ ಒತ್ತಿದ್ದು ಯಾರು?"

"ನಾನು."

"ತಾರೀಕು ತಿದ್ದಿದ್ದು?"

"ನಾನೇ. ಹೆಸರು ಬರೆದದ್ದು ಅವರೇ ಸಾರ್. ಅವರ ಕೈಯಲ್ಲೇ ಬರೆದದ್ದು. ನಾನು ತಾರೀಕು ಮಾತ್ರ ಮುಟ್ಟಿದ್ದು."

"ದೋಣಿ ತಲುಪಿದ್ದು ನಿಂಗೆ ಗೊತ್ತಿತ್ತಾ?"

"ಇಲ್ಲ."

"ಉತ್ತರ ಬಂತಾ?"

"ನಾನು ಕರೀಲಿಲ್ಲ."

ಉಳಿದದ್ದು ನಿಧಾನವಾಗಿ ಬಂತು. ಮದುವೆಯಾದ ಮೊದಲ ವರ್ಷ ಸಂತೆಯಲ್ಲಿ ಯಾರೋ ದೋಣಿ ಯಾವುದೆಂದು ಕೇಳಿದಾಗ ಅವಳ ಬಾಯಿ ತಪ್ಪಿ ಆ ಹೆಸರು ಬಂದಿತ್ತು. ಕುಲದವರು ಸೇರಿದರು. ಅವಳ ಅಪ್ಪ ಹಂದಿ ತಂದು ಕಡಿದು ಎಲ್ಲರಿಗೂ ಬಡಿಸಿ ತಪ್ಪೊಪ್ಪಿಕೊಂಡ. ಗಿಡಿಯೋನ್ ಒಂದು ತಿಂಗಳು ಮಾತು ಬಿಟ್ಟ. ಮುದುಕರು ಮಾತ್ರ ಏನೂ ಅನ್ನಲಿಲ್ಲ. ಅವಳನ್ನು ಕರೆದುಕೊಂಡು ಬಂದು ಇದೇ ಕೋಣೆಯಲ್ಲಿ ಕೂರಿಸಿ ಕೆಲಸ ಕಲಿಸಿದರು. ದೋಣಿಯ ಹೆಸರು ಬಂದಾಗ ತಾವೇ ಬರೆಯುತ್ತಿದ್ದರು, ತಾವೇ ಕರೆಯುತ್ತಿದ್ದರು. ತಾವಿಲ್ಲದ ದಿನ ಹೀಗೆ ಮಾಡು ಎಂದು ಬಾಣದ ಗುಂಡಿಯನ್ನು ತೋರಿಸಿಕೊಟ್ಟದ್ದೂ ಅವರೇ. ಅಂಥ ದಿನ ಕರೆಯುವ ಕೆಲಸ ಕೆಲೆಪ್‌ನದು.

"ಸೋಮವಾರ ಹನ್ನೊಂದು ದೋಣಿ ಕರೆದೆ ಸಾರ್. ಎಲ್ಲಾ ಉತ್ತರ ಕೊಟ್ವು. ಹನ್ನೆರಡನೇದು ಇವರದ್ದು. ಕೆಲೆಪ್ ಬರ್ತಾನೆ ಅಂತ ಬಾಗಿಲು ನೋಡ್ತಾ ಕೂತೆ. ನಾಲ್ಕೂವರೆ ಆಯ್ತು. ಕರಾವಳಿ ಪೂರ್ತಿ ಕೇಳಿಸ್ಕೊಳ್ತಿರುತ್ತೆ. ಅತ್ತೆ, ನಾದಿನಿ, ಕುಲದವರು, ಎಲ್ಲಾ. ಅವರು ಸತ್ತು ನಾಲ್ಕು ತಿಂಗಳು. ಹೇಗೆ ಕೂಗಲಿ? ಅವರು ಇಪ್ಪತ್ತು ವರ್ಷದಿಂದ ಆ ನೀರಲ್ಲಿ ಹೋಗಿಬಂದವರು, ತಲುಪೇ ತಲುಪಿರ್ತಾರೆ ಅಂದ್ಕೊಂಡೆ."

ಈ ಎರಡನೆಯ "ಅವರು" ಗಂಡ. ವೆರೋನಿಕಾ ಹೇಳಿಕೆಯಲ್ಲಿ ಅದನ್ನು ಸ್ಪಷ್ಟಪಡಿಸಿ ಬರೆದುಕೊಂಡಳು.

"ಬೆಳಿಗ್ಗೆನೇ ಯಾಕೆ ಹೇಳಲಿಲ್ಲ?"

ಜೆನಿಟಾ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದಳು. ಕೌಪಾ ಎರಡನೆಯ ಸಲ ಕೇಳಲಿಲ್ಲ, ಹೊತ್ತಿರಲಿಲ್ಲ. 2.50ಕ್ಕೆ ಎರಡೂ ದೋಣಿಗಳು ಆಗ್ನೇಯಕ್ಕೆ ಹೊರಟವು.

ನಾಲ್ಕು ಗಂಟೆಗೆ ಹಾಜರಿಯ ಹೊತ್ತು. ಕೆಲೆಪ್ ಮೈಕಿಗೆ ಕೈ ಚಾಚಿದಾಗ ಜೆನಿಟಾ ಎದ್ದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ಅವಳು ಬೇರೆ ಯಾವ ದೋಣಿಯನ್ನೂ ಕರೆಯಲಿಲ್ಲ.

"ಸಿಲಾಬ್," ಎಂದಳು. "ಸಿಲಾಬ್. ಸಿಲಾಬ್."

ನೆಲ ಒರೆಸುವ ಹೆಂಗಸು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ರೇಡಿಯೋದಲ್ಲಿ ಬರೀ ಗುಂಯ್ ಎಂಬ ಸದ್ದು. ಐದು ನಿಮಿಷ ಬಿಟ್ಟು ಮತ್ತೆ ಕರೆದಳು, ಆರು ಗಂಟೆಯವರೆಗೂ ಕರೆಯುತ್ತಲೇ ಇದ್ದಳು. ಅವಳ ದನಿ ಒಡೆದ ಮೇಲೂ ಕೌಪಾ ಸಾಕು ಅನ್ನಲಿಲ್ಲ.

ಶುಕ್ರವಾರ ಮಾರ್ಚ್ 16, ಬೆಳಿಗ್ಗೆ 11.05. ರಾಯ್ ಕರಾವಳಿಯಿಂದ ಹದಿನೈದು ಕಿಲೋಮೀಟರ್ ಆಚೆ ಸಿಲಾಬ್ ಸಿಕ್ಕಿತು. ಇಂಜಿನ್ನಿನೊಳಗೆ ಉಪ್ಪುನೀರು. ದೋಣಿಯ ತಳದಲ್ಲಿ ಡೋರ್ಕಸ್ ಒಬ್ಬಳೇ ಮಲಗಿದ್ದಳು, ಜೀವವಿತ್ತು. ಗಿಡಿಯೋನ್ ಇರಲಿಲ್ಲ.

ಶನಿವಾರ ಮಧ್ಯಾಹ್ನ 1.30ಕ್ಕೆ ಆಸ್ಪತ್ರೆಯಲ್ಲಿ ಡೋರ್ಕಸಳ ಹೇಳಿಕೆ ದಾಖಲಾಯಿತು. ಅಕ್ಕ ಸಾಬಿನಾ ಚಮಚದಲ್ಲಿ ಎಳನೀರು ಕುಡಿಸುತ್ತಿದ್ದಳು. ತಂಗಿ ನಡುನಡುವೆ ನಿಲ್ಲಿಸಿ ಹೇಳಿದಳು.

"ಸೋಮವಾರ ಮೂರು ಗಂಟೆಗೆ ಇಂಜಿನ್ ಕೆಟ್ಟಿತು. ಅಲೆ ಹೊಡೆದು ಕೈ ರೇಡಿಯೋ ನೆನೀತು. ಮಾತಾಡೋ ಗುಂಡಿ ಹೋಯ್ತು, ಕೇಳಿಸೋದು ಮಾತ್ರ ಕೇಳಿಸ್ತಿತ್ತು. ಗಿಡಿಯೋನ್ ಅಂದ, ಹೆದರಬೇಡ ಅಕ್ಕ, ನಾಲ್ಕಕ್ಕೆ ನಮ್ಮನ್ನ ಕರೀತಾರೆ, ಉತ್ತರ ಬರ್ಲಿಲ್ಲ ಅಂದ್ರೆ ಹುಡುಕ್ಕೊಂಡ್ ಬರ್ತಾರೆ. ನಾಲ್ಕಕ್ಕೆ ಹಾಕಿದ್ವಿ. ಅವನ ಹೆಂಡತಿ ದನಿ. ಒಂದೊಂದೇ ಹೆಸರು ಕರೆದಳು. ನಮ್ಮದು ಕರೀಲಿಲ್ಲ. ಆಮೇಲೆ ಎಲ್ಲಾ ದೋಣಿ ಕ್ಷೇಮ ಅಂದ್ಳು."

"ಆಗ ಅವನು ಏನಂದ?"

"ನಕ್ಕ. ಪಾಪ ಅವಳು ಹೇಗೆ ಕರೀತಾಳೆ ಅಕ್ಕ, ಅಪ್ಪನ ಹೆಸರು ಅಂದ. ನಾಳೆ ಕೆಲೆಪ್ ಕರೀತಾನೆ ಅಂದ. ಮಂಗಳವಾರಾನೂ ಕರೀಲಿಲ್ಲ, ಬುಧವಾರಾನೂ ಕರೀಲಿಲ್ಲ."

ತಲುಪಿತು ಎಂದು ಬರೆದ ದೋಣಿಯನ್ನು ಯಾರೂ ಕರೆಯುವುದಿಲ್ಲ. ಅದನ್ನು ಕೌಪಾ ಅವಳಿಗೆ ವಿವರಿಸಲಿಲ್ಲ.

"ಗುರುವಾರ ಬೆಳಿಗ್ಗೆ ದೂರದಲ್ಲಿ ನೆಲ ಕಾಣ್ತು. ನಮ್ಮನ್ನ ಯಾರೂ ಹುಡುಕ್ತಿಲ್ಲ, ನಾನೇ ಹೋಗಿ ಹೇಳ್ತೀನಿ ಅಂದ. ಖಾಲಿ ಪೆಟ್ರೋಲ್ ಡಬ್ಬ ತಬ್ಬಿಕೊಂಡು ನೀರಿಗೆ ಇಳಿದ. ಬೇಡ ಅಂದೆ ಸಾರ್. ಕಾಲು ಹಿಡ್ಕೊಂಡೆ." ಅವಳು ಎಳನೀರು ಬೇಡವೆಂದು ಮುಖ ತಿರುಗಿಸಿದಳು. "ಅದೇ ದಿನ ನಾಲ್ಕಕ್ಕೆ ನಾನೊಬ್ಬಳೇ ರೇಡಿಯೋ ಹಾಕಿದೆ. ಅವಳು ಕರೆದಳು. ಮೂರು ಸಲ ಕರೆದಳು. ಇಲ್ಲೇ ಇದೀನಿ ಅಂತ ನಾನೂ ಕೂಗಿದೆ. ಅವನು ಮಾತ್ರ ಇರಲಿಲ್ಲ."

ಮಾರ್ಚ್ 17, ಶನಿವಾರ, ಮಧ್ಯಾಹ್ನ 3.40ಕ್ಕೆ ಜೆನಿಟಾಳನ್ನು ಬಂಧಿಸಲಾಯಿತು. ಸುಳ್ಳು ದಾಖಲೆ; ಗಿಡಿಯೋನ್ ಎಲ್ಲೂ ದಡ ಸೇರದ್ದರಿಂದ, ನಿರ್ಲಕ್ಷ್ಯದಿಂದ ಸಾವು. ಠಾಣೆಗೆ ತಾನೇ ನಡೆದು ಬಂದಿದ್ದಳು, ಬಟ್ಟೆಯ ಗಂಟು ಜೊತೆಗಿತ್ತು. ಡೋರ್ಕಸಳ ಹೇಳಿಕೆಯನ್ನು ಅವಳಿಗೆ ಓದಿ ಹೇಳುವುದು ನಿಯಮ. ಕೌಪಾ ವೆರೋನಿಕಾಳಿಗೆ ಒಪ್ಪಿಸದೆ ತಾನೇ ಓದಿದ.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಗುರುವಾರ ಎಷ್ಟು ಗಂಟೆಗೆ ಇಳಿದ್ರು ಸಾರ್?"

"ಹತ್ತೂವರೆ ಇರಬಹುದು ಅಂತಾಳೆ."

ಗುರುವಾರ ಹತ್ತೂವರೆಗೆ ತಾನು ಆ ಕೋಣೆಯಲ್ಲಿ ಇವಳ ಎದುರು ನಿಂತು, ಬರೆದೆಯಾ ಎಂದು ಕೇಳುತ್ತಿದ್ದದ್ದು ಕೌಪಾನಿಗೆ ನೆನಪಿತ್ತು. ಅವಳಿಗೂ ನೆನಪಿತ್ತು. ವೆರೋನಿಕಾ ಅವಳ ತೋಳು ಹಿಡಿದು ಒಳಗೆ ಕರೆದೊಯ್ದಳು.

ಆರೋಪಪಟ್ಟಿಯಲ್ಲಿ ಕಾರಣ ಎಂಬ ಕಲಂ ಇದೆ, ಖಾಲಿ ಬಿಡುವಂತಿಲ್ಲ. ಕೌಪಾ ಎರಡು ಹಾಳೆ ಹರಿದು ಹಾಕಿದ. ಕೊನೆಗೆ ಬರೆದದ್ದು ಹೀಗಿದೆ: ಆರೋಪಿಗೆ ಮೃತನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆತನ ತಂದೆಯ ಮೇಲೆ ಅಪಾರ ಗೌರವವಿತ್ತು.